ಗುಂಪು ಮಾಡಿದ ಅಂಕಿ-ಅಂಶಗಳಿಂದ ಸರಾಸರಿ, ಮಧ್ಯಾಂಕ, ವಿಚಲನೆ: ಬಿಲ್ಲು ವಸೂಲಿಯ ಪಟ್ಟಿಯನ್ನು ಓದುವ ಕ್ರಮ

ವ್ಯಾಪಾರ ಸಂಸ್ಥೆಯ ಖಾತೆ ಪುಸ್ತಕದಲ್ಲಿ ಪ್ರತಿಯೊಂದು ಬಿಲ್ಲಿಗೂ ತನ್ನದೇ ಆದ ದಿನಾಂಕ, ಮೊತ್ತ ಮತ್ತು ಹಣ ಬಂದ ದಿನ ಇರುತ್ತದೆ. ಆದರೆ ಅದೇ ವಿವರ ಮಾಲೀಕರ ಮೇಜಿಗೆ ಬರುವ ವೇಳೆಗೆ, ಅಥವಾ ಬ್ಯಾಂಕಿಗೆ ಸಲ್ಲಿಕೆಯಾಗುವ ವೇಳೆಗೆ, ಕೆಲವೇ ಸಾಲುಗಳ ಪಟ್ಟಿಯಾಗಿರುತ್ತದೆ: ಹದಿನೈದು ದಿನದೊಳಗೆ ಇಷ್ಟು, ಮೂವತ್ತು ದಿನದೊಳಗೆ ಇಷ್ಟು, ತೊಂಬತ್ತು ದಿನ ಮೀರಿದ್ದು ಇಷ್ಟು. ಹೀಗೆ ಗುಂಪುಗಳಾಗಿ ಜೋಡಿಸಿದ ಅಂಕಿ-ಅಂಶಗಳನ್ನು ಸಂಖ್ಯಾಶಾಸ್ತ್ರದಲ್ಲಿ ವರ್ಗೀಕೃತ ದತ್ತಾಂಶವೆಂದು ಕರೆಯುತ್ತಾರೆ. ಪ್ರತಿ ಗುಂಪು ಒಂದು ವರ್ಗಾಂತರ. ಅದರಲ್ಲಿ ಬಿದ್ದ ಬಿಲ್ಲುಗಳ ಸಂಖ್ಯೆ ಅದರ ಆವೃತ್ತಿ.

ಇಂತಹ ಪಟ್ಟಿಯಿಂದ ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆಗಳನ್ನು ಅಂದಾಜು ಮಾಡುವ ವಿಧಾನಗಳನ್ನು ನಮ್ಮಲ್ಲಿ ಅನೇಕರು ಪ್ರೌಢಶಾಲೆಯಲ್ಲಿಯೋ ವಾಣಿಜ್ಯ ಪದವಿ ತರಗತಿಯಲ್ಲಿಯೋ ಕಲಿತಿದ್ದೇವೆ. ಪರೀಕ್ಷೆಯಲ್ಲಿ ಉತ್ತರ ಬಂದರೆ ಸಾಕಾಗಿತ್ತು. ವ್ಯವಹಾರದಲ್ಲಿ ಅಷ್ಟು ಸಾಲದು. ಬಂದ ಉತ್ತರದಲ್ಲಿ ಎಷ್ಟು ಭಾಗ ಖಚಿತ, ಎಷ್ಟು ಭಾಗ ಊಹೆ ಎಂಬುದನ್ನೂ ತಿಳಿಯಬೇಕಾಗುತ್ತದೆ. ಗಣಕಯಂತ್ರದಲ್ಲಿ ಲೆಕ್ಕವಿಡುವವರಿಗೆ ಮೂಲ ವಿವರವೇ ಲಭ್ಯವಿರುವಾಗ ಈ ಅಂದಾಜು ಏಕೆ ಎಂಬ ಪ್ರಶ್ನೆ ಸಹಜ. ಸ್ವಂತ ಖಾತೆಯ ಮಟ್ಟಿಗೆ ಆ ಮಾತು ನಿಜ. ಆದರೆ ಸರ್ಕಾರದ ಪ್ರಕಟಣೆಗಳು, ಸಂಘಗಳು ಸದಸ್ಯರ ಗುಟ್ಟು ಕಾಪಾಡಿ ಸಂಗ್ರಹಿಸುವ ಮಾಹಿತಿ, ಬೇರೆ ಸಂಸ್ಥೆ ನಮಗೆ ಕೊಡುವ ಪಟ್ಟಿ, ಇವೆಲ್ಲ ಗುಂಪುಗಳಾಗಿಯೇ ಕೈಗೆ ಬರುತ್ತವೆ. ನಮ್ಮ ಸ್ವಂತ ಖಾತೆಯ ವಿವರವನ್ನೂ ನಾವು ಹೆಚ್ಚಾಗಿ ಓದುವುದು ಗುಂಪು ಮಾಡಿದ ವರದಿಯಲ್ಲಿಯೇ.

ಈ ಪಾಠವನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ಘಟಕವೂ ಅಂಕಿಗಳೂ ಕೇವಲ ವಿವರಣೆಗಾಗಿ ಕಲ್ಪಿಸಿದವು.

ಉದಾಹರಣೆಯ ಪಟ್ಟಿ

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಘಟಕವು ಒಂದು ವರ್ಷದಲ್ಲಿ 200 ಬಿಲ್ಲುಗಳನ್ನು ಕಳುಹಿಸಿತು. ಅವುಗಳ ಒಟ್ಟು ಮೊತ್ತ 1 ಕೋಟಿ ರೂಪಾಯಿ. ಸರಕನ್ನು ಖರೀದಿದಾರರು ಸ್ವೀಕರಿಸಿದ ದಿನದಿಂದ ಹಣ ಕೈಸೇರಿದ ದಿನದವರೆಗೆ ಎಷ್ಟು ದಿನ ಹಿಡಿಯಿತೆಂಬ ವಿವರ ಹೀಗಿದೆ:

| ದಿನಗಳು | ಬಿಲ್ಲುಗಳು | ಸಂಚಿತ ಆವೃತ್ತಿ | ಮಧ್ಯಬಿಂದು | ಮೊತ್ತ (ಲಕ್ಷ ರೂ.) |
|---|---|---|---|---|
| 0–15 | 18 | 18 | 7.5 | 5.4 |
| 15–30 | 46 | 64 | 22.5 | 16.1 |
| 30–45 | 62 | 126 | 37.5 | 27.9 |
| 45–60 | 38 | 164 | 52.5 | 20.9 |
| 60–90 | 24 | 188 | 75 | 19.2 |
| 90 ಮೀರಿ | 12 | 200 | – | 10.5 |
| ಒಟ್ಟು | 200 | | | 100.0 |

ಇಲ್ಲಿ ಮೇಲಿನ ಮಿತಿಯ ದಿನವು ಅದೇ ವರ್ಗಕ್ಕೆ ಸೇರಿದೆ. ಅಂದರೆ 45ನೆಯ ದಿನ ಬಂದ ಹಣ 30–45ರ ಸಾಲಿನಲ್ಲಿದೆ. ಶಾಲಾ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೇಲಿನ ಮಿತಿಯನ್ನು ಮುಂದಿನ ವರ್ಗಕ್ಕೆ ಸೇರಿಸುತ್ತಾರೆ. ನಾವು ಹಾಗೆ ಮಾಡದಿರುವುದಕ್ಕೆ ಕಾರಣವಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೆಯ ಪ್ರಕರಣದಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಹಣ ಪಾವತಿಸಲು ಲಿಖಿತ ಒಪ್ಪಂದದಲ್ಲಿ ನಮೂದಿಸುವ ಅವಧಿಯು ಸರಕು ಸ್ವೀಕರಿಸಿದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. 45ನೆಯ ದಿನ ಪಾವತಿಸಿದವರು ಕಾಯ್ದೆಯನ್ನು ಪಾಲಿಸಿದವರು. ಅವರನ್ನು ತಡಮಾಡಿದವರ ಸಾಲಿಗೆ ಸೇರಿಸಬಾರದು. (ಪೂರ್ಣ ದಿನಗಳನ್ನಷ್ಟೇ ಎಣಿಸುವಾಗ ಮಧ್ಯಬಿಂದುವಿನಲ್ಲಿ ಅರ್ಧ ದಿನದ ವ್ಯತ್ಯಾಸ ಬರುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇವೆ.)

1. ಅಂದಾಜಿಲ್ಲದೆ ತಿಳಿಯುವುದು

ಸೂತ್ರಗಳಿಗೆ ಕೈಹಾಕುವ ಮೊದಲು ಪಟ್ಟಿಯು ತಾನಾಗಿಯೇ ಹೇಳುವುದನ್ನು ಓದಬೇಕು. ವರ್ಗದ ಗಡಿಗಳಲ್ಲಿ ನಿಂತು ಎಣಿಸಿದ ಸಂಖ್ಯೆ ಅಂದಾಜಲ್ಲ, ಅದು ನಿಜ ಸಂಖ್ಯೆ. 200 ಬಿಲ್ಲುಗಳಲ್ಲಿ 126 ಬಿಲ್ಲುಗಳ ಹಣ 45 ದಿನದೊಳಗೆ ಬಂದಿದೆ. 74 ಬಿಲ್ಲುಗಳ ಹಣ, ಎಂದರೆ ಶೇಕಡ 37ರಷ್ಟು, ಆ ಗಡಿ ದಾಟಿ ಬಂದಿದೆ. ಇದರಲ್ಲಿ ಊಹೆಯ ಅಂಶವಿಲ್ಲ.

ಆದರೆ "50 ದಿನದೊಳಗೆ ಎಷ್ಟು ಬಂತು?" ಎಂದು ಕೇಳಿದರೆ ಪಟ್ಟಿ ನೇರವಾಗಿ ಉತ್ತರಿಸದು. 50 ಎಂಬುದು ವರ್ಗದ ಒಳಗೆ ಬೀಳುತ್ತದೆ. ಅಲ್ಲಿ ಅಂದಾಜು ಆರಂಭವಾಗುತ್ತದೆ. ಇನ್ನು 90 ದಿನ ಮೀರಿದ ಬಿಲ್ಲುಗಳು ಎಷ್ಟು ತಡವಾದವು ಎಂಬುದಕ್ಕೆ ಅಂದಾಜಿನ ಆಧಾರವೂ ಇಲ್ಲ. ಗಡಿಯಲ್ಲಿ ಖಚಿತ, ವರ್ಗದ ಒಳಗೆ ಅಂದಾಜು, ಕೊನೆಯ ಗಡಿಯಾಚೆ ಅಜ್ಞಾತ: ಈ ಮೂರು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕಗಳಲ್ಲಿ ದಾರಿ ತಪ್ಪುವುದಿಲ್ಲ.

2. ಸರಾಸರಿ

ವರ್ಗೀಕೃತ ಪಟ್ಟಿಯಿಂದ ಸರಾಸರಿ ತೆಗೆಯುವಾಗ, ಒಂದು ವರ್ಗದಲ್ಲಿರುವ ಎಲ್ಲ ಬಿಲ್ಲುಗಳೂ ಆ ವರ್ಗದ ಮಧ್ಯಬಿಂದುವಿನಲ್ಲಿಯೇ ಇವೆಯೆಂದು ಭಾವಿಸುತ್ತೇವೆ. ಪ್ರತಿ ವರ್ಗದ ಆವೃತ್ತಿಯನ್ನು ಮಧ್ಯಬಿಂದುವಿನಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿ, ಒಟ್ಟು ಆವೃತ್ತಿಯಿಂದ ಭಾಗಿಸಬೇಕು.

ಮೊದಲ ಐದು ವರ್ಗಗಳ ಗುಣಲಬ್ಧಗಳು ಕ್ರಮವಾಗಿ 135, 1,035, 2,325, 1,995 ಮತ್ತು 1,800, ಒಟ್ಟು 7,290. ಕೊನೆಯ ವರ್ಗಕ್ಕೆ ಮೇಲಿನ ಮಿತಿಯಿಲ್ಲ, ಆದ್ದರಿಂದ ಮಧ್ಯಬಿಂದುವೂ ಇಲ್ಲ. ಇಂತಹ ಕಡೆ ಒಂದು ಮಿತಿಯನ್ನು ಊಹಿಸಿಕೊಳ್ಳುವುದು ವಾಡಿಕೆ. ಲೆಕ್ಕಿಗರು 150 ದಿನವೆಂದು ಊಹಿಸಿದರೆ ಮಧ್ಯಬಿಂದು 120, ಗುಣಲಬ್ಧ 1,440. ಒಟ್ಟು 8,730. ಇದನ್ನು 200ರಿಂದ ಭಾಗಿಸಿದರೆ ಸರಾಸರಿ 43.65 ದಿನ.

ಮಾಲೀಕರಿಗೆ ಈ ಸಂಖ್ಯೆ ಸಮಾಧಾನ ತರುವಂಥದು. ಕಾಯ್ದೆಯ ಗಡಿ 45, ನಮ್ಮ ಸರಾಸರಿ 43.65, ವಸೂಲಿ ಸರಿಯಾಗಿಯೇ ನಡೆದಿದೆ ಎಂದು ಅವರು ಭಾವಿಸಬಹುದು. ಶೇಕಡ 37ರಷ್ಟು ಬಿಲ್ಲುಗಳು ಗಡಿ ದಾಟಿವೆಯೆಂಬ ಸಂಗತಿಯನ್ನು ಸರಾಸರಿ ಹೇಳುವುದೇ ಇಲ್ಲ. ಬೇಗ ಹಣ ಕೊಟ್ಟ ಖರೀದಿದಾರರ ಒಳ್ಳೆಯತನವು ತಡಮಾಡಿದವರ ತಪ್ಪನ್ನು ಮುಚ್ಚಿಹಾಕಿರುತ್ತದೆ.

3. ತೆರೆದ ವರ್ಗದ ಅಪಾಯ

ಸರಾಸರಿಯ ಇನ್ನೊಂದು ದೌರ್ಬಲ್ಯ ಕೊನೆಯ ಸಾಲಿನಲ್ಲಿದೆ. 150 ದಿನವೆಂಬುದು ಲೆಕ್ಕಿಗರ ಊಹೆ. ಕೊನೆಯ ವರ್ಗದ ಸರಾಸರಿಯನ್ನು 10 ದಿನ ಹೆಚ್ಚಿಸಿದರೆ ಇಡೀ ಪಟ್ಟಿಯ ಸರಾಸರಿ 0.6 ದಿನ ಹೆಚ್ಚುತ್ತದೆ. ಹೀಗಿರುವಾಗ ಆ 12 ಬಿಲ್ಲುಗಳನ್ನು ಊಹೆಗೆ ಬಿಡುವುದಕ್ಕಿಂತ ಖಾತೆಯಿಂದ ಎತ್ತಿ ನೋಡುವುದೇ ಮೇಲು. 200 ಬಿಲ್ಲುಗಳನ್ನು ಮತ್ತೆ ತಿರುವಿ ಹಾಕಬೇಕಾಗಿಲ್ಲ, 12 ಮಾತ್ರ.

ನಮ್ಮ ಉದಾಹರಣೆಯಲ್ಲಿ ಆ 12 ಬಿಲ್ಲುಗಳು ಹಿಡಿದ ದಿನಗಳ ಮೊತ್ತ 1,944 ಎಂದಿಟ್ಟುಕೊಳ್ಳೋಣ. ಅಂದರೆ ಒಂದೊಂದಕ್ಕೆ ಸರಾಸರಿ 162 ದಿನ. ಆಗ ಒಟ್ಟು 9,234, ಸರಾಸರಿ 46.17 ದಿನ. 43.65 ಇದ್ದದ್ದು 45ರ ಗಡಿಯನ್ನು ದಾಟಿಬಿಟ್ಟಿತು. ಬಿಲ್ಲುಗಳು ಬದಲಾಗಲಿಲ್ಲ, ಖರೀದಿದಾರರು ಬದಲಾಗಲಿಲ್ಲ. ಊಹೆಯ ಜಾಗಕ್ಕೆ ನಿಜ ಸಂಖ್ಯೆ ಬಂತು, ಅಷ್ಟೇ.

ಹೀಗೆ ಬಂದ 46.17 ಎಷ್ಟರಮಟ್ಟಿಗೆ ನಂಬಲರ್ಹ? ಇದನ್ನೂ ಪರೀಕ್ಷಿಸಬಹುದು. ಮೊದಲ ಐದು ವರ್ಗಗಳ ಬಿಲ್ಲುಗಳೆಲ್ಲ ತಮ್ಮ ಕೆಳಮಿತಿಯಲ್ಲಿಯೇ ಇದ್ದವೆಂದು ಭಾವಿಸಿದರೆ ಸರಾಸರಿ 38.22, ಎಲ್ಲವೂ ಮೇಲಿನ ಮಿತಿಯಲ್ಲಿಯೇ ಇದ್ದವೆಂದರೆ 54.12. ನಿಜವಾದ ಸರಾಸರಿ ಈ ಎರಡರ ನಡುವೆ ಇರಲೇಬೇಕು. ವಾಸ್ತವದಲ್ಲಿ ಅದು ತುದಿಗಳಿಗೆ ಹೋಗುವುದು ವಿರಳ. ಆದರೂ ದಶಮಾಂಶದ ಎರಡು ಸ್ಥಾನಗಳವರೆಗೆ ಬರೆದ ಮಾತ್ರಕ್ಕೆ ಅಂದಾಜು ಕರಾರುವಾಕ್ಕಾಗದು ಎಂಬುದನ್ನು ಈ ಅಂತರ ನೆನಪಿಸುತ್ತದೆ.

4. ಮಧ್ಯಾಂಕ ಮತ್ತು ಚತುರ್ಥಕಗಳು

ಎಲ್ಲ ಬಿಲ್ಲುಗಳನ್ನು ದಿನಗಳ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಬೆಲೆ ಮಧ್ಯಾಂಕ. ಒಟ್ಟು 200, ಅದರ ಅರ್ಧ 100. ಸಂಚಿತ ಆವೃತ್ತಿಯ ಕಂಬಸಾಲಿನಲ್ಲಿ 64ರ ನಂತರ, 126ಕ್ಕೆ ಮೊದಲು 100 ಬರುತ್ತದೆ. ಆದ್ದರಿಂದ ಮಧ್ಯಾಂಕವು 30–45ರ ವರ್ಗದಲ್ಲಿದೆ. ಇಷ್ಟು ಖಚಿತ. ವರ್ಗದ ಒಳಗೆ ಅದರ ಸ್ಥಾನವನ್ನು ತಿಳಿಯಲು, ಬಿಲ್ಲುಗಳು ಆ 15 ದಿನಗಳಲ್ಲಿ ಸಮನಾಗಿ ಹರಡಿವೆಯೆಂದು ಭಾವಿಸಿ ಈ ಸೂತ್ರವನ್ನು ಬಳಸುತ್ತೇವೆ:

ಮಧ್ಯಾಂಕ = ವರ್ಗದ ಕೆಳಮಿತಿ + [(ಒಟ್ಟಿನ ಅರ್ಧ − ಹಿಂದಿನ ಸಂಚಿತ ಆವೃತ್ತಿ) ÷ ವರ್ಗದ ಆವೃತ್ತಿ] × ವರ್ಗದ ಅಗಲ

= 30 + [(100 − 64) ÷ 62] × 15 = 38.71 ದಿನ

ಕೊನೆಯ 12 ಬಿಲ್ಲುಗಳು 120 ದಿನ ಹಿಡಿದಿರಲಿ, 162 ದಿನ ಹಿಡಿದಿರಲಿ, ಇನ್ನೂ ವಸೂಲಾಗದೆ ಉಳಿದಿರಲಿ, ಮಧ್ಯಾಂಕ ಅಲುಗುವುದಿಲ್ಲ. ತೆರೆದ ವರ್ಗವಿರುವ ಪಟ್ಟಿಗಳಿಗೆ ಮಧ್ಯಾಂಕವೇ ಸೂಕ್ತವೆಂದು ಹೇಳುವುದು ಈ ಕಾರಣಕ್ಕೆ. ಆದರೆ ಈ ಗುಣವೇ ಒಂದು ಕೊರತೆಯೂ ಹೌದು: ತೀರಾ ತಡವಾದ ಬಿಲ್ಲುಗಳ ಭಾರವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಅದೇ ಸೂತ್ರದಲ್ಲಿ ಅರ್ಧದ ಬದಲು ಕಾಲು ಮತ್ತು ಮುಕ್ಕಾಲು ಭಾಗಗಳನ್ನು ಇಟ್ಟರೆ ಚತುರ್ಥಕಗಳು ದೊರೆಯುತ್ತವೆ. ಮೊದಲ ಚತುರ್ಥಕ (50ನೆಯ ಬಿಲ್ಲು) 15 + (32 ÷ 46) × 15 = 25.43 ದಿನ. ಮೂರನೆಯ ಚತುರ್ಥಕ (150ನೆಯ ಬಿಲ್ಲು) 45 + (24 ÷ 38) × 15 = 54.47 ದಿನ. ನಡುವಿನ ಅರ್ಧದಷ್ಟು ಬಿಲ್ಲುಗಳು ಸುಮಾರು 25ರಿಂದ 54 ದಿನಗಳ ಒಳಗೆ ವಸೂಲಾಗಿವೆ. ಇನ್ನೊಂದು ಉಪಯುಕ್ತ ಸಂಖ್ಯೆ 180ನೆಯ ಬಿಲ್ಲಿನದು: 60 + (16 ÷ 24) × 30 = 80 ದಿನ. ಹತ್ತರಲ್ಲಿ ಒಂಬತ್ತು ಬಿಲ್ಲುಗಳ ಹಣ ಬರಬೇಕಾದರೆ 80 ದಿನ ಕಾಯಬೇಕು. ಕಚ್ಚಾ ಸಾಮಗ್ರಿಯವರಿಗೆ ಮಾತು ಕೊಡುವಾಗ ಮಾಲೀಕರಿಗೆ ಸರಾಸರಿಗಿಂತ ಈ ಸಂಖ್ಯೆಯೇ ಹೆಚ್ಚು ಪ್ರಯೋಜನಕಾರಿ.

5. ಬಹುಲಕ

ಅತಿ ಹೆಚ್ಚು ಸಲ ಬರುವ ಬೆಲೆ ಬಹುಲಕ. ಇಲ್ಲಿ ಗರಿಷ್ಠ ಆವೃತ್ತಿಯ ವರ್ಗ 30–45. ಅದರ ಆವೃತ್ತಿ 62, ಹಿಂದಿನದು 46, ಮುಂದಿನದು 38. ಗರಿಷ್ಠ ಆವೃತ್ತಿಯು ಹಿಂದಿನದಕ್ಕಿಂತ 16 ಹೆಚ್ಚು, ಮುಂದಿನದಕ್ಕಿಂತ 24 ಹೆಚ್ಚು. ಬಹುಲಕ = 30 + [16 ÷ (16 + 24)] × 15 = 36 ದಿನ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಈ ಸೂತ್ರವು ಅಕ್ಕಪಕ್ಕದ ವರ್ಗಗಳ ಅಗಲ ಸಮನಾಗಿದ್ದಾಗ ಮಾತ್ರ ಸಲ್ಲುತ್ತದೆ. ನಮ್ಮ ಪಟ್ಟಿಯಲ್ಲಿ ಆ ಮೂರೂ ವರ್ಗಗಳ ಅಗಲ 15 ದಿನ. ಅಗಲಗಳು ಬೇರೆ ಬೇರೆಯಾಗಿದ್ದರೆ ಆವೃತ್ತಿಯನ್ನು ಅಗಲದಿಂದ ಭಾಗಿಸಿ, ದಿನವೊಂದಕ್ಕೆ ಎಷ್ಟು ಬಿಲ್ಲುಗಳೆಂದು ಹೋಲಿಸಬೇಕು. ಇಲ್ಲವಾದರೆ ಅಗಲವಾದ ವರ್ಗ ಸುಮ್ಮನೆ ದೊಡ್ಡದಾಗಿ ಕಾಣುತ್ತದೆ. ಎರಡನೆಯದು, ಪದವಿ ತರಗತಿಗಳಲ್ಲಿ ಕಲಿಸುವ "ಬಹುಲಕ = 3 ಮಧ್ಯಾಂಕ − 2 ಸರಾಸರಿ" ಎಂಬ ಸಂಬಂಧ. ಅದನ್ನು ಇಲ್ಲಿ ಬಳಸಿದರೆ 23.8 ಬರುತ್ತದೆ, 36 ಅಲ್ಲ. ಆ ಸಂಬಂಧವು ಹಂಚಿಕೆಯು ಅಲ್ಪಸ್ವಲ್ಪ ಮಾತ್ರ ಓರೆಯಾಗಿರುವಾಗ ಹತ್ತಿರದ ಉತ್ತರ ಕೊಡುತ್ತದೆ. ವಸೂಲಿಯ ದಿನಗಳಂತೆ ಒಂದು ಕಡೆಗೆ ಉದ್ದನೆಯ ಬಾಲವಿರುವ ಪಟ್ಟಿಗೆ ಅದು ಹೊಂದುವುದಿಲ್ಲ.

ಬಹುಲಕ 36, ಮಧ್ಯಾಂಕ 38.71, ಸರಾಸರಿ 46.17. ಈ ಮೂರು ಈ ಕ್ರಮದಲ್ಲಿ ಏರುತ್ತಾ ಹೋದರೆ, ಕೆಲವೇ ದೊಡ್ಡ ಬೆಲೆಗಳು ಸರಾಸರಿಯನ್ನು ಮೇಲಕ್ಕೆ ಎಳೆದಿವೆಯೆಂದು ತಿಳಿಯಬೇಕು.

6. ಮಾನಕ ವಿಚಲನೆ

ಸರಾಸರಿಯ ಸುತ್ತ ಬೆಲೆಗಳು ಎಷ್ಟು ಚದರಿವೆಯೆಂಬುದರ ಅಳತೆ ಮಾನಕ ವಿಚಲನೆ. ಪ್ರತಿ ಮಧ್ಯಬಿಂದುವಿನ ವರ್ಗವನ್ನು ಆವೃತ್ತಿಯಿಂದ ಗುಣಿಸಿ, ಕೂಡಿ, 200ರಿಂದ ಭಾಗಿಸಿ, ಅದರಿಂದ ಸರಾಸರಿಯ ವರ್ಗವನ್ನು ಕಳೆದು, ವರ್ಗಮೂಲ ತೆಗೆಯಬೇಕು. ಕೊನೆಯ ವರ್ಗಕ್ಕೆ 120 ಎಂದು ಊಹಿಸಿದಾಗ ಮಾನಕ ವಿಚಲನೆ 26.7 ದಿನ, ಖಾತೆಯಿಂದ ಪಡೆದ 162ನ್ನು ಇಟ್ಟಾಗ 34.6 ದಿನ. ಹನ್ನೆರಡೇ ಬಿಲ್ಲುಗಳಿಂದ ಎಂಟು ದಿನಗಳ ವ್ಯತ್ಯಾಸ. ದೂರದ ಬೆಲೆಗಳ ಅಂತರವನ್ನು ವರ್ಗ ಮಾಡುವುದರಿಂದ ತೆರೆದ ವರ್ಗದ ಊಹೆಯು ಸರಾಸರಿಗಿಂತಲೂ ಇಲ್ಲಿ ಹೆಚ್ಚು ಹಾನಿ ಮಾಡುತ್ತದೆ.

ಗುಂಪು ಮಾಡುವುದರಿಂದ ವಿಚಲನೆಯಲ್ಲಿ ಬರುವ ಸಣ್ಣ ಹೆಚ್ಚಳವನ್ನು ಸರಿಪಡಿಸಲು 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ವಿಲಿಯಂ ಶೆಪರ್ಡ್ ಒಂದು ತಿದ್ದುಪಡಿಯನ್ನು ಸೂಚಿಸಿದರು: ವಿಚಲನೆಯ ವರ್ಗದಿಂದ ವರ್ಗಾಂತರದ ಅಗಲದ ವರ್ಗದ ಹನ್ನೆರಡನೆಯ ಒಂದು ಭಾಗವನ್ನು ಕಳೆಯಬೇಕು. ಅಗಲ 15 ದಿನವಾದರೆ ಕಳೆಯಬೇಕಾದದ್ದು 18.75. ನಮ್ಮ ಪಟ್ಟಿಯ ವರ್ಗಗಳು ಸಮನಾಗಿಲ್ಲದ ಕಾರಣ ಈ ತಿದ್ದುಪಡಿ ಇಲ್ಲಿ ನೇರವಾಗಿ ಅನ್ವಯಿಸುವುದಿಲ್ಲ. ಅನ್ವಯಿಸಿದರೂ 34.6 ಎಂಬುದು ಕಾಲು ದಿನದಷ್ಟು ಮಾತ್ರ ಇಳಿಯುತ್ತದೆ. ನಯವಾದ ತಿದ್ದುಪಡಿಗಿಂತ ತೆರೆದ ವರ್ಗವನ್ನು ಒಮ್ಮೆ ಬಿಚ್ಚಿ ನೋಡುವುದರ ಬೆಲೆ ಎಷ್ಟೋ ಪಾಲು ಹೆಚ್ಚು.

ಸರಾಸರಿಯಿಂದ ಎರಡು ಮಾನಕ ವಿಚಲನೆಗಳ ಅಂತರದಲ್ಲಿ ಶೇಕಡ 95ರಷ್ಟು ಬೆಲೆಗಳಿರುತ್ತವೆ ಎಂಬ ಮಾತನ್ನೂ ಇಲ್ಲಿ ಬಳಸಬಾರದು. 46ರಿಂದ 69 ಕಳೆದರೆ ಋಣ ಸಂಖ್ಯೆ ಬರುತ್ತದೆ. ಸರಕು ತಲುಪುವುದಕ್ಕೆ 23 ದಿನ ಮೊದಲೇ ಹಣ ಬಂದಂತಾಯಿತು! ಆ ನಿಯಮ ಗಂಟೆಯಾಕಾರದ ಸಮ ಹಂಚಿಕೆಗೆ ಸೇರಿದ್ದು. ವಸೂಲಿಯ ಚದರುವಿಕೆಯನ್ನು ಹೇಳಲು ಚತುರ್ಥಕಗಳೇ ಮೇಲು.

7. ಎಣಿಸುವುದು ಬಿಲ್ಲನ್ನೋ, ರೂಪಾಯಿಯನ್ನೋ?

ಇದುವರೆಗೆ ನಾವು ಪ್ರತಿ ಬಿಲ್ಲಿಗೂ ಸಮಾನ ತೂಕ ಕೊಟ್ಟೆವು. ಆದರೆ ಐದು ಸಾವಿರದ ಬಿಲ್ಲು ತಡವಾದರೂ ಐದು ಲಕ್ಷದ ಬಿಲ್ಲು ತಡವಾದರೂ ಒಂದೇ ಎಂದು ಯಾವ ವರ್ತಕರೂ ಒಪ್ಪಲಾರರು. ಪಟ್ಟಿಯ ಕೊನೆಯ ಕಂಬಸಾಲಿನ ಮೊತ್ತವನ್ನೇ ಆವೃತ್ತಿಯೆಂದು ಇಟ್ಟುಕೊಂಡು ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು. ಕೊನೆಯ ವರ್ಗಕ್ಕೆ 162 ದಿನಗಳನ್ನೇ ಬಳಸಿದರೆ ಗುಣಲಬ್ಧಗಳ ಮೊತ್ತ 5,687.25, ಅದನ್ನು 100 ಲಕ್ಷದಿಂದ ಭಾಗಿಸಿದರೆ ರೂಪಾಯಿಯ ತೂಕದ ಸರಾಸರಿ 56.87 ದಿನ. ರೂಪಾಯಿಯ ತೂಕದ ಮಧ್ಯಾಂಕ 45.43 ದಿನ. 45 ದಿನ ಮೀರಿ ಬಂದ ಹಣ 50.6 ಲಕ್ಷ, ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬಿಲ್ಲುಗಳಲ್ಲಿ ಶೇಕಡ 37 ಮಾತ್ರ ತಡವಾದವು, ಆದರೆ ಹಣದಲ್ಲಿ ಅರ್ಧ ತಡವಾಯಿತು. ಈ ಘಟಕದಲ್ಲಿ ದೊಡ್ಡ ಖರೀದಿದಾರರೇ ನಿಧಾನವಾಗಿ ಕೊಡುವವರು ಎಂಬುದು ಇದರಿಂದ ಹೊರಬೀಳುತ್ತದೆ.

ಇದರ ಪರಿಣಾಮವನ್ನು ದುಡಿಯುವ ಬಂಡವಾಳದಲ್ಲಿ ಅಳೆಯಬಹುದು. ವರ್ಷಕ್ಕೆ 1 ಕೋಟಿ ರೂಪಾಯಿ ಮಾರಾಟವಿರುವಾಗ ಖರೀದಿದಾರರ ಕೈಯಲ್ಲಿ ಸದಾ ಸಿಕ್ಕಿಬಿದ್ದಿರುವ ಹಣ, ಮಾರಾಟವನ್ನು 365ರಿಂದ ಭಾಗಿಸಿ ದಿನಗಳಿಂದ ಗುಣಿಸಿದಷ್ಟು. 43.65 ದಿನಕ್ಕೆ ಅದು 11.96 ಲಕ್ಷ, 56.87 ದಿನಕ್ಕೆ 15.58 ಲಕ್ಷ. ಮೊದಲ ಸಂಖ್ಯೆಯನ್ನು ನಂಬಿ ಬ್ಯಾಂಕಿನ ಮುಂದೆ ಸಾಲದ ಮಿತಿ ಕೇಳಿದ ಮಾಲೀಕರಿಗೆ ಮಾಮೂಲಿನ ತಿಂಗಳಲ್ಲಿಯೂ 3.62 ಲಕ್ಷ ರೂಪಾಯಿಯ ಕೊರತೆ ಬೀಳುತ್ತದೆ. ಅದನ್ನು ಶೇಕಡ 12ರ ಬಡ್ಡಿಯಲ್ಲಿ ಹೊಂದಿಸಿದರೆ ವರ್ಷಕ್ಕೆ ಸುಮಾರು 43,000 ರೂಪಾಯಿ. ಕೈಗಡ ತಂದರೆ ಇನ್ನೂ ಹೆಚ್ಚು. ಮಾರಾಟ ಚೆನ್ನಾಗಿದೆ, ಲಾಭವೂ ಕಾಣುತ್ತದೆ, ಆದರೆ ಸಂಬಳದ ದಿನ ಹಣವಿಲ್ಲ ಎಂಬ ಪರಿಸ್ಥಿತಿ ಎಷ್ಟೋ ಘಟಕಗಳಲ್ಲಿ ಹುಟ್ಟುವುದು ಹೀಗೆಯೇ.

8. ವರ್ಗದ ಒಳಗೆ ಏನಿದೆ?

ಮಧ್ಯಬಿಂದುವಿನ ಊಹೆಯು ಎಲ್ಲ ಕಡೆಯೂ ನಿಲ್ಲುವುದಿಲ್ಲ. ಖರೀದಿದಾರರು 45ನೆಯ ದಿನಕ್ಕೆ ಸರಿಯಾಗಿ ಹಣ ಬಿಡುಗಡೆ ಮಾಡುವ ಪದ್ಧತಿ ಇಟ್ಟುಕೊಂಡಿದ್ದರೆ 30–45ರ ವರ್ಗದ ಬಿಲ್ಲುಗಳು 37.5ರ ಸುತ್ತ ಇರುವುದಿಲ್ಲ, 45ರ ಬಳಿ ಗುಂಪುಗೂಡಿರುತ್ತವೆ. ನಿಯಮದ ಗಡಿ ಇರುವ ಕಡೆಯೆಲ್ಲ ಇಂತಹ ಗುಂಪುಗೂಡುವಿಕೆಯನ್ನು ನಿರೀಕ್ಷಿಸಬೇಕು.

ಪ್ರಕಟಿತ ಸರ್ಕಾರಿ ಅಂಕಿ-ಅಂಶಗಳಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವೊಂದಿದೆ. ಭಾರತದ ಕೃಷಿ ಗಣತಿಯು ಸಾಗುವಳಿ ಹಿಡುವಳಿಗಳನ್ನು 1 ಹೆಕ್ಟೇರಿಗಿಂತ ಕಡಿಮೆ, 1–2, 2–4, 4–10, ಹಾಗೂ 10 ಹೆಕ್ಟೇರ್ ಮತ್ತು ಮೇಲ್ಪಟ್ಟು ಎಂದು ಐದು ವರ್ಗಗಳಲ್ಲಿ ಕೊಡುತ್ತದೆ. ಅಗಲಗಳು ಅಸಮಾನ, ಕೊನೆಯದು ತೆರೆದ ವರ್ಗ. 2015-16ರ ಗಣತಿಯಲ್ಲಿ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಸುಮಾರು 2 ಎಕರೆ 27 ಗುಂಟೆ. ಆದರೆ ಹಿಡುವಳಿಗಳ ಪೈಕಿ ಶೇಕಡ 68ಕ್ಕೂ ಹೆಚ್ಚು 1 ಹೆಕ್ಟೇರಿಗಿಂತ ಕಡಿಮೆಯವು. ಸರಾಸರಿಯು ಮೂರರಲ್ಲಿ ಎರಡು ಪಾಲು ರೈತರ ವರ್ಗದಿಂದಲೇ ಹೊರಗೆ ನಿಂತಿದೆ! ಮಧ್ಯಾಂಕದ ಸೂತ್ರವನ್ನು ಬಳಸಿದರೆ ಸುಮಾರು 0.73 ಹೆಕ್ಟೇರ್ ಬರುತ್ತದೆ. ಅದು ಕೂಡ ಮೊದಲ ವರ್ಗದಲ್ಲಿ ಹಿಡುವಳಿಗಳು ಸಮನಾಗಿ ಹರಡಿವೆಯೆಂಬ ಊಹೆಯ ಮೇಲೆ. ಆ ವರ್ಗದ ನಿಜವಾದ ಸರಾಸರಿಯನ್ನು ಗಣತಿಯೇ ಕೊಟ್ಟಿದೆ: 0.38 ಹೆಕ್ಟೇರ್, ಎಂದರೆ ಸುಮಾರು 38 ಗುಂಟೆ, ಮಧ್ಯಬಿಂದುವಾದ 0.5 ಅಲ್ಲ. ಹಿಡುವಳಿಗಳು ಕೆಳತುದಿಗೆ ವಾಲಿವೆ. ಆದ್ದರಿಂದ ನಿಜವಾದ ಮಧ್ಯಾಂಕವು 0.73ಕ್ಕಿಂತಲೂ ಕೆಳಗಿರುವ ಸಂಭವವೇ ಹೆಚ್ಚು. ಬಿತ್ತನೆ ಬೀಜದ ಪೊಟ್ಟಣ, ಔಷಧ ಸಿಂಪಡಿಸುವ ಯಂತ್ರ, ಹನಿ ನೀರಾವರಿಯ ಪೈಪುಗಳನ್ನು "ಸರಾಸರಿ ರೈತ"ನ ಅಳತೆಗೆ ತಯಾರಿಸುವವರು ಬಹುಪಾಲು ರೈತರಿಗೆ ಹೊಂದದ ಸರಕನ್ನು ತಯಾರಿಸಿದಂತಾಗುತ್ತದೆ.

ಆದುದರಿಂದ ಪ್ರಕಟಿತ ಪಟ್ಟಿಯಲ್ಲಿ ವರ್ಗವಾರು ಒಟ್ಟು ಮೊತ್ತ ಅಥವಾ ವರ್ಗವಾರು ಸರಾಸರಿ ಕೊಟ್ಟಿದ್ದರೆ ಅದನ್ನೇ ಬಳಸಬೇಕು. ಅದು ಇಲ್ಲದಿದ್ದಾಗ ಮಾತ್ರ ಮಧ್ಯಬಿಂದುವಿಗೆ ಹೋಗಬೇಕು.

9. ನಮ್ಮ ಪಟ್ಟಿಯನ್ನು ನಾವೇ ರಚಿಸುವಾಗ

ಮೇಲಿನ ಪಾಠದಿಂದ ಕೆಲವು ನಿಯಮಗಳನ್ನು ಹೊರತೆಗೆಯಬಹುದು.

ಮೊದಲನೆಯದಾಗಿ, ತೀರ್ಮಾನ ಎಲ್ಲಿದೆಯೋ ಅಲ್ಲಿ ವರ್ಗದ ಗಡಿಯನ್ನು ಇಡಿ. ಅನೇಕ ವರದಿಗಳಲ್ಲಿ 0–30, 30–60, 60–90 ಎಂಬ ವರ್ಗಗಳಿರುತ್ತವೆ. ಅಂತಹ ಪಟ್ಟಿಯಲ್ಲಿ 45 ದಿನ ಮೀರಿದವೆಷ್ಟು ಎಂಬುದನ್ನು ಅಂದಾಜು ಮಾಡಬೇಕಾಗುತ್ತದೆ. ನಮ್ಮ 30–45 ಮತ್ತು 45–60ರ ವರ್ಗಗಳನ್ನು ಒಂದುಗೂಡಿಸಿದರೆ 100 ಬಿಲ್ಲುಗಳಾಗುತ್ತವೆ. ಸಮನಾಗಿ ಹರಡಿವೆಯೆಂದರೆ 45 ದಾಟಿದವು 50 ಎಂದು ಬರುತ್ತದೆ. ನಿಜ ಸಂಖ್ಯೆ 38. ಟ್ಯಾಲಿಯಂತಹ ಲೆಕ್ಕದ ತಂತ್ರಾಂಶಗಳಲ್ಲಿ ಈ ಅವಧಿಗಳನ್ನು ನಮಗೆ ಬೇಕಾದಂತೆ ನಮೂದಿಸಲು ಅವಕಾಶವಿದೆ; ಅದನ್ನು ಬಳಸಿಕೊಳ್ಳಬೇಕು. ಲಿಖಿತ ಒಪ್ಪಂದವಿಲ್ಲದ ವ್ಯವಹಾರಕ್ಕೆ ಕಾಯ್ದೆಯ ಅವಧಿ 15 ದಿನವಾದ್ದರಿಂದ 15ರಲ್ಲಿಯೂ ಒಂದು ಗಡಿ ಇರಲಿ.

ಎರಡನೆಯದಾಗಿ, ತೆರೆದ ವರ್ಗದ ಪಕ್ಕದಲ್ಲಿ ಅದರ ಒಟ್ಟು ದಿನಗಳನ್ನೂ ಒಟ್ಟು ಮೊತ್ತವನ್ನೂ ಬರೆಯಿಸಿ. ಸಾಧ್ಯವಾದರೆ ಆ ಬಿಲ್ಲುಗಳನ್ನು ಒಂದೊಂದಾಗಿ ನಮೂದಿಸಿ.

ಮೂರನೆಯದಾಗಿ, ವಸೂಲಾದ ಬಿಲ್ಲುಗಳನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ. ಇನ್ನೂ ಬಾರದ ಬಿಲ್ಲುಗಳನ್ನು ಬಿಟ್ಟರೆ ಅತ್ಯಂತ ಕೆಟ್ಟ ಬಾಕಿಗಳೇ ಲೆಕ್ಕದಿಂದ ಮಾಯವಾಗಿ, ವಸೂಲಿ ಸುಧಾರಿಸಿದಂತೆ ತೋರುತ್ತದೆ.

ನಾಲ್ಕನೆಯದಾಗಿ, ಬಿಲ್ಲುಗಳ ಸಂಖ್ಯೆಯ ಲೆಕ್ಕ ಮತ್ತು ರೂಪಾಯಿಯ ಲೆಕ್ಕ ಎರಡನ್ನೂ ಜೊತೆಯಾಗಿಡಿ. ಮೊದಲನೆಯದು ಖರೀದಿದಾರರ ನಡತೆಯನ್ನೂ ಎರಡನೆಯದು ನಮ್ಮ ಬಂಡವಾಳದ ಸ್ಥಿತಿಯನ್ನೂ ತಿಳಿಸುತ್ತದೆ.

ಈ ಎಣಿಕೆಗೆ ಕಾನೂನಿನ ದೃಷ್ಟಿಯಿಂದಲೂ ಮಹತ್ವವಿದೆ. 2006ರ ಕಾಯ್ದೆಯ 16ನೆಯ ಪ್ರಕರಣದಂತೆ ಅವಧಿ ಮೀರಿದ ಬಾಕಿಗೆ ಖರೀದಿದಾರರು ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯನ್ನು ಕೊಡಬೇಕಾಗುತ್ತದೆ. 2023ರ ಹಣಕಾಸು ಕಾಯ್ದೆಯು ತಂದ ತಿದ್ದುಪಡಿಯು, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಅವಧಿಯೊಳಗೆ ಪಾವತಿಸದ ಮೊತ್ತವನ್ನು ಖರೀದಿದಾರರು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ಕಳೆಯಬಹುದೆಂದು ವಿಧಿಸಿತು. ವರ್ತಕ ಸದಸ್ಯರು ಗಮನಿಸಬೇಕಾದ ಸಂಗತಿಯೆಂದರೆ, 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವರ್ತಕರಿಗೂ ಉದ್ಯಮ್ ನೋಂದಣಿಯನ್ನು ತೆರೆದಾಗ ಅದನ್ನು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರ ಸೀಮಿತಗೊಳಿಸಲಾಗಿತ್ತು. ಆದ್ದರಿಂದ ವರ್ತಕರು ತಮ್ಮ ವಸೂಲಿಗೆ ಕಾಯ್ದೆಗಿಂತ ತಮ್ಮದೇ ಪಟ್ಟಿಯ ಎಚ್ಚರವನ್ನು ಹೆಚ್ಚಾಗಿ ಅವಲಂಬಿಸಬೇಕಾಗುತ್ತದೆ.

ಖರೀದಿದಾರರ ಮುಂದೆ ಕುಳಿತು "ನಮ್ಮ ಸರಾಸರಿ ವಸೂಲಿ 46 ದಿನ" ಎಂದರೆ ಅವರು ನಗಬಹುದು. "ಕಳೆದ ವರ್ಷ ನಿಮ್ಮಿಂದ 45 ದಿನ ಮೀರಿ ಬಂದ ಬಿಲ್ಲುಗಳು ಇಷ್ಟು, ಅವುಗಳ ಮೊತ್ತ ಇಷ್ಟು" ಎಂದರೆ ಮಾತು ಬೇರೆಯಾಗುತ್ತದೆ. ಸದಸ್ಯರು ಕಳೆದ ಆರ್ಥಿಕ ವರ್ಷದ ತಮ್ಮ ಬಿಲ್ಲುಗಳನ್ನು ಮೇಲಿನ ಆರು ವರ್ಗಗಳಲ್ಲಿ ಜೋಡಿಸಿ, 45ರ ಗೆರೆಯ ಕೆಳಗೆ ಬಿದ್ದ ಮೊತ್ತವನ್ನು ಮೊದಲು ಎಣಿಸಲಿ. ಉಳಿದ ಸೂತ್ರಗಳ ಸರದಿ ಆಮೇಲೆ.